ಹೊಲಮನೆಯ ಹಳೆಯ ಚಿತ್ರಗಳ ಆಯುಷ್ಯ

ಬೆಂಗಳೂರಿನ ದಕ್ಷಿಣದ ಅಂಚಿನಲ್ಲಿ, ಕನಕಪುರ ರಸ್ತೆಗೂ ಬನ್ನೇರುಘಟ್ಟ ರಸ್ತೆಗೂ ನಡುವೆ, ಅಂಜನಾಪುರವೆಂಬ ಊರಿದೆ. ಊರು ಎನ್ನುವುದಕ್ಕಿಂತ ಬಡಾವಣೆ ಎನ್ನುವುದೇ ಈಗ ಹೆಚ್ಚು ಸರಿಯಾದೀತು. ಈ ಶತಮಾನದ ಮೊದಲ ವರ್ಷಗಳಲ್ಲಿ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರವು ಇಲ್ಲಿನ ಹೊಲಗಳನ್ನು ಅಳೆದು, ಕಲ್ಲು ನೆಟ್ಟು, ನಿವೇಶನಗಳನ್ನಾಗಿ ಹಂಚಿತು. 2021ರ ಜನವರಿಯಲ್ಲಿ ಮೆಟ್ರೋ ರೈಲು ಯಲಚೇನಹಳ್ಳಿಯಿಂದ ಮುಂದುವರಿದು, ತಲಘಟ್ಟಪುರವನ್ನು ದಾಟಿ, ರೇಷ್ಮೆ ಸಂಸ್ಥೆಯ ಹೆಸರಿನ ನಿಲ್ದಾಣದವರೆಗೂ ಬಂದಿತು. ಒಂದು ಕಾಲಕ್ಕೆ ಈ ಸೀಮೆಯಲ್ಲಿ ಹಿಪ್ಪುನೇರಳೆಯನ್ನು ಬೆಳೆಯುತ್ತಿದ್ದರೆಂಬುದನ್ನು ಈಗ ಆ ಹೆಸರೊಂದೇ ಪ್ರಯಾಣಿಕರಿಗೆ ನೆನಪು ಮಾಡಿಕೊಡುತ್ತದೆ. ರಾಗಿ, ಅವರೆ, ಹುಚ್ಚೆಳ್ಳುಗಳ ನೆನಪು ತರುವ ನಿಲ್ದಾಣ ಯಾವುದೂ ಇಲ್ಲ.

ಆದರೂ ಹಳೆಯ ಒಕ್ಕಲು ಮನೆತನಗಳಲ್ಲಿ ಒಂದು ತಗಡಿನ ಟ್ರಂಕು ಇದ್ದೇ ಇರುತ್ತದೆ. ಅದರ ತಳದಲ್ಲಿ, ಕ್ರಯಪತ್ರಗಳ ಕೆಳಗೆ, ಕಪ್ಪು ಹಾಳೆಗಳ ಒಂದು ಆಲ್ಬಂ ಸಿಕ್ಕಿದರೂ ಸಿಕ್ಕೀತು. ಕಣದಲ್ಲಿ ರೋಣಗಲ್ಲನ್ನೆಳೆಯುವ ಎತ್ತುಗಳು, ಬಣವೆಯ ಮುಂದೆ ಸಾಲಾಗಿ ನಿಂತ ಮಕ್ಕಳು, ಕಪಿಲೆಬಾವಿಯ ಕಟ್ಟೆಯ ಮೇಲೆ ಕುಳಿತ ಅಜ್ಜ: ಇಂತಹ ನಾಲ್ಕಾರು ಚಿತ್ರಗಳು. ಅಪರೂಪವಾಗಿ, ಅಂಗೈಯಗಲದ ಡಬ್ಬಿಯಲ್ಲಿ ಸುತ್ತಿಟ್ಟ ಒಂದು ಚಲಚ್ಚಿತ್ರದ ಸುರುಳಿ. ಹೊಲ ಹೋಗಿ ನಿವೇಶನವಾದ ಮೇಲೆ ಆ ಮನೆಯವರು ಇವನ್ನು ನೋಡುವ ಬಗೆಯೇ ಬೇರೆ.

ಈ ಹಂಬಲಕ್ಕೆ ಐರೋಪ್ಯ ಭಾಷೆಗಳಲ್ಲಿ ನಾಸ್ಟಾಲ್ಜಿಯ ಎಂಬ ಹೆಸರಿದೆ. ಈ ಶಬ್ದವನ್ನು ಸೃಷ್ಟಿಸಿದವನು ಕವಿಯಲ್ಲ, ಒಬ್ಬ ವೈದ್ಯ ವಿದ್ಯಾರ್ಥಿ. 1688ರಲ್ಲಿ ಸ್ವಿಟ್ಸರ್ಲೆಂಡಿನ ಬಾಸೆಲ್ ನಗರದಲ್ಲಿ ಯೋಹಾನಸ್ ಹೋಫರ್ ಎಂಬವನು, ಮನೆಗೆ ಮರಳುವುದು ಎಂಬರ್ಥದ ಗ್ರೀಕ್ ಪದವನ್ನೂ ನೋವು ಎಂಬರ್ಥದ ಪದವನ್ನೂ ಕೂಡಿಸಿ, ಪರದೇಶದಲ್ಲಿದ್ದ ತನ್ನ ನಾಡಿಗರಲ್ಲಿ ಕಂಡುಬಂದ ಒಂದು ವ್ಯಾಧಿಗೆ ಈ ಹೆಸರಿಟ್ಟನು. ಇಂದು ಇದನ್ನು ಯಾರೂ ವ್ಯಾಧಿಯೆಂದು ಎಣಿಸುವುದಿಲ್ಲ. ಆದರೆ ಹಂಬಲವಿದ್ದ ಮಾತ್ರಕ್ಕೆ ಚಿತ್ರ ಉಳಿಯುವುದಿಲ್ಲ. ಚಿತ್ರವು ಒಂದು ಭೌತಿಕ ವಸ್ತು. ಬೆಳ್ಳಿ, ಜೆಲಾಟಿನ್, ಕಾಗದ, ಬಣ್ಣ ಮತ್ತು ಸೆಲ್ಯುಲೋಸುಗಳಿಂದ ಆದುದು. ಈ ಪದಾರ್ಥಗಳು ಟ್ರಂಕಿನ ಕತ್ತಲಲ್ಲಿಯೂ ಸುಮ್ಮನಿರುವುದಿಲ್ಲ. ಅಲ್ಲಿ ಏನು ನಡೆಯುತ್ತದೆ, ಎಷ್ಟು ಬೇಗ ನಡೆಯುತ್ತದೆ, ಅದನ್ನು ನಾವು ಎಷ್ಟರಮಟ್ಟಿಗೆ ತಡೆಯಬಹುದು ಎಂಬುದನ್ನು ಪರಿಶೀಲಿಸೋಣ.

ಮೊದಲು ಕಪ್ಪುಬಿಳುಪು ಚಿತ್ರವನ್ನು ತೆಗೆದುಕೊಳ್ಳೋಣ. ಜೆಲಾಟಿನ್ನಿನ ತೆಳುವಾದ ಲೇಪದಲ್ಲಿ ಬೆಳ್ಳಿಯ ಬ್ರೋಮೈಡಿನ ಸೂಕ್ಷ್ಮ ಹರಳುಗಳನ್ನು ಹರಡಿರುತ್ತಾರೆ. ಬೆಳಕು ಬಿದ್ದ ಹರಳಿನ ಮೇಲೆ ಬೆಳ್ಳಿಯ ಕೆಲವೇ ಪರಮಾಣುಗಳು, ನಾಲ್ಕಾರು ಪರಮಾಣುಗಳಾದರೂ ಸಾಕು, ಒಂದೆಡೆ ಗುಂಪುಗೂಡುತ್ತವೆ. ಕಣ್ಣಿಗೆ ಏನೂ ಕಾಣಿಸದು. ಇದಕ್ಕೆ ಸುಪ್ತಬಿಂಬವೆಂದು ಹೆಸರು. ಡೆವಲಪರ್ ದ್ರವದಲ್ಲಿ ಅದ್ದಿದಾಗ, ಆ ಸಣ್ಣ ಗುಂಪನ್ನು ಹೊತ್ತ ಹರಳೆಲ್ಲವೂ ಕೋಟ್ಯಂತರ ಪರಮಾಣುಗಳ ಬೆಳ್ಳಿಯಾಗಿ ಮಾರ್ಪಡುತ್ತದೆ. ಬೆಳಕು ತಾಗದ ಹರಳುಗಳು ಹಾಗೆಯೇ ಉಳಿಯುತ್ತವೆ. ಅವನ್ನು ಹೈಪೋ ಎಂಬ ಲವಣದ ದ್ರಾವಣದಲ್ಲಿ ಕರಗಿಸಿ ತೊಳೆದುಹಾಕಬೇಕು. ಹೈಪೋವಿಗೆ ಬೆಳ್ಳಿಯ ಲವಣಗಳನ್ನು ಕರಗಿಸುವ ಗುಣವಿದೆಯೆಂಬುದನ್ನು ಜಾನ್ ಹರ್ಷೆಲ್ 1819ರಲ್ಲಿಯೇ ಕಂಡಿದ್ದನು. 1839ರಲ್ಲಿ ಛಾಯಾಚಿತ್ರಣ ಪ್ರಕಟವಾದೊಡನೆ ಅದರ ಉಪಯೋಗ ಅವನಿಗೆ ಹೊಳೆಯಿತು. ಹೀಗೆ, ಅಜ್ಜನ ಕಪ್ಪು ಕಂಬಳಿಯೆಂದು ನಾವು ಚಿತ್ರದಲ್ಲಿ ಕಾಣುವುದು ವಾಸ್ತವವಾಗಿ ಬೆಳ್ಳಿ. ಅತ್ಯಂತ ಸೂಕ್ಷ್ಮವಾದ ಎಳೆಗಳ ಸಿಕ್ಕಿನಂತಿರುವುದರಿಂದ ಅದು ಬೆಳಕನ್ನು ಹೀರಿಕೊಂಡು ಕಪ್ಪಾಗಿ ಕಾಣುತ್ತದೆ.

ಇಲ್ಲಿ ಒಂದು ಸ್ವಾರಸ್ಯವನ್ನು ಹೇಳದೆ ಮುಂದೆ ಹೋಗಲು ಮನಸ್ಸು ಬಾರದು. ಜೆಲಾಟಿನ್ನನ್ನು ತಯಾರಿಸುವುದು ದನಗಳ ಚರ್ಮ ಮತ್ತು ಎಲುಬುಗಳಿಂದ. ಕೆಲವು ಜೆಲಾಟಿನ್ನುಗಳಿಂದ ಮಾಡಿದ ಫಿಲ್ಮು ಬೆಳಕಿಗೆ ಬಹಳ ಬೇಗ ಸ್ಪಂದಿಸುತ್ತಿತ್ತು, ಕೆಲವು ಮಂದವಾಗಿರುತ್ತಿದ್ದುವು. ಕಾರಣ ಬಹುಕಾಲ ತಿಳಿಯಲಿಲ್ಲ. ಅಮೆರಿಕದ ರಾಚೆಸ್ಟರ್ ನಗರದ ಕೊಡಾಕ್ ಪ್ರಯೋಗಶಾಲೆಯಲ್ಲಿ ಸ್ಯಾಮ್ಯುಯೆಲ್ ಶೆಪರ್ಡ್ ಎಂಬ ವಿಜ್ಞಾನಿ 1925ರಲ್ಲಿ ಈ ಗುಟ್ಟನ್ನು ಬಿಡಿಸಿದನು. ದನಗಳು ಮೇಯುವ ಸಾಸಿವೆ ಜಾತಿಯ ಗಿಡಗಳಲ್ಲಿ ಗಂಧಕದ ಕೆಲವು ಸಂಯುಕ್ತಗಳಿವೆ. ಅವು ಲೇಶಮಾತ್ರ ಜೆಲಾಟಿನ್ನಿನಲ್ಲಿ ಉಳಿದು, ಬೆಳ್ಳಿಯ ಹರಳುಗಳನ್ನು ಚುರುಕುಗೊಳಿಸುತ್ತವೆ. ನಮ್ಮ ಸೀಮೆಯ ರೈತರು ರಾಗಿಯ ನಡುವೆ ಅಕ್ಕಡಿ ಸಾಲಿನಲ್ಲಿ ಸಾಸಿವೆಯನ್ನು ಬಿತ್ತುವುದು ವಾಡಿಕೆ. ಆ ಹೊಲದ ಚಿತ್ರ ಫಿಲ್ಮಿನ ಮೇಲೆ ಮೂಡಲು ಬೇರಾವುದೋ ದೇಶದ ಹಸು ಮೆಯ್ದ ಸಾಸಿವೆ ಸಹಾಯಕವಾಗಿತ್ತೆಂಬುದು ಅವರಿಗೆ ಹೇಗೆ ತಿಳಿಯಬೇಕು!

ಆದರೆ ಗಂಧಕದ ಉಪಕಾರ ಅಲ್ಲಿಗೇ ಮುಗಿಯಿತು. ಚಿತ್ರ ಮೂಡಿದ ಮೇಲೆ ಅದೇ ಗಂಧಕ ಬೆಳ್ಳಿಗೆ ಶತ್ರು. ಹಬ್ಬಕ್ಕೆಂದು ಹೊರತೆಗೆದ ಬೆಳ್ಳಿಯ ಪಂಚಪಾತ್ರೆ ಕಪ್ಪಾಗಿರುವುದನ್ನು ಎಲ್ಲರೂ ಕಂಡಿದ್ದಾರೆ. ಗಾಳಿಯಲ್ಲಿರುವ ಗಂಧಕದ ಅನಿಲಗಳು ಬೆಳ್ಳಿಯೊಡನೆ ಸೇರಿ ಬೆಳ್ಳಿಯ ಸಲ್ಫೈಡಾಗುವುದೇ ಇದಕ್ಕೆ ಕಾರಣ. ಪಾತ್ರೆಯಲ್ಲಿ ಕಪ್ಪಾಗಿ ಕಾಣುವ ಈ ವಸ್ತು, ಚಿತ್ರದ ಸೂಕ್ಷ್ಮ ಎಳೆಗಳಲ್ಲಿ ಹಳದಿಮಿಶ್ರಿತ ಕಂದಾಗಿ ಕಾಣುತ್ತದೆ. ಸೌದೆ, ಬೆರಣಿಗಳನ್ನು ಉರಿಸುತ್ತಿದ್ದ ಮನೆಗಳಲ್ಲಿ ನಡುಮನೆಯ ಗೋಡೆಗೆ ತೂಗುಹಾಕಿದ ಚಿತ್ರಗಳು ಹೊಗೆಯನ್ನು ಕುಡಿದು ಕುಡಿದು ಈ ಬಣ್ಣಕ್ಕೆ ತಿರುಗಿವೆ. ಎಷ್ಟೋ ವೇಳೆ ಶತ್ರುವು ಚಿತ್ರದೊಳಗೇ ಇರುತ್ತಾನೆ. ಮದುವೆಯ ಕಾಲದ ಅವಸರದಲ್ಲಿ ಸ್ಟುಡಿಯೋದವರು ಹೈಪೋವನ್ನು ಚೆನ್ನಾಗಿ ತೊಳೆಯದೆ ಬಿಟ್ಟರೆ, ಹೈಪೋವಿನಲ್ಲಿಯೂ ಗಂಧಕವಿರುವುದರಿಂದ, ಮೂವತ್ತು ನಲವತ್ತು ವರ್ಷಗಳಲ್ಲಿ ಮುಖಗಳು ಮಾಸಿಹೋಗುತ್ತವೆ. ಇನ್ನು ಕೆಲವು ಚಿತ್ರಗಳ ಕಪ್ಪು ಭಾಗದ ಮೇಲೆ ಕನ್ನಡಿಯಂತಹ ನೀಲಿಹೊಳಪು ಕಾಣುತ್ತದೆ. ಬೆಳ್ಳಿಯು ಉತ್ಕರ್ಷಣಗೊಂಡು, ತೇವದಲ್ಲಿ ಮೆಲ್ಲಗೆ ಮೇಲಕ್ಕೆ ಸರಿದು, ಅಲ್ಲಿ ಮತ್ತೆ ಲೋಹವಾಗಿ ಕುಳಿತಿರುವುದರ ಗುರುತು ಅದು. ಅದನ್ನು ಒರೆಸಿ ತೆಗೆಯಲು ಹೋಗಬಾರದು. ಒರೆಸಿದರೆ ಹೋಗುವುದು ಚಿತ್ರದ ಬೆಳ್ಳಿಯೇ.

ಹಳ್ಳಿಯ ಮನೆಗಳಿಗೆ ಕ್ಯಾಮೆರಾ ಬಂದುದು ತಡವಾಗಿ. ಮೊದಮೊದಲು ಪೇಟೆಯ ಛಾಯಾಗ್ರಾಹಕನೇ ಮುಕ್ಕಾಲಿಯನ್ನು ಹೊತ್ತು ಬರುತ್ತಿದ್ದನು. ಬಳಿಕ, ಬರೋಡೆಯಲ್ಲಿ ತಯಾರಾಗುತ್ತಿದ್ದ ಆಗ್ಫಾ ಕ್ಲಿಕ್ ಮೂರನೆಯ ಮಾದರಿಯಂತಹ ಅಗ್ಗದ ಪೆಟ್ಟಿಗೆ ಕ್ಯಾಮೆರಾಗಳು ಮಧ್ಯಮ ವರ್ಗದವರ ಕೈಗೆ ಎಟುಕಿದುವು. ಒಂದು ಸುರುಳಿಗೆ ಹನ್ನೆರಡೇ ಚಿತ್ರ. ಉದಕಮಂಡಲದಲ್ಲಿ 1960ರಲ್ಲಿ ಸ್ಥಾಪಿತವಾದ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ಕಾರ್ಖಾನೆಯು 1967ರಲ್ಲಿ ತಯಾರಿಕೆಯನ್ನು ಆರಂಭಿಸಿ, ‘ಇಂದು’ ಎಂಬ ಹೆಸರಿನಲ್ಲಿ ಫಿಲ್ಮು ಮತ್ತು ಕಾಗದಗಳನ್ನು ಮಾರುಕಟ್ಟೆಗೆ ತಂದಿತು. ಆ ಕಾರ್ಖಾನೆ ಈಗ ಮುಚ್ಚಿಹೋಗಿದೆ. ಹನ್ನೆರಡೇ ಚಿತ್ರಗಳಿದ್ದುದರಿಂದ ಯಾವುದನ್ನು ತೆಗೆಯಬೇಕೆಂದು ಜನ ಬಹಳ ಯೋಚಿಸುತ್ತಿದ್ದರು. ಎತ್ತುಗಳಿಗೂ ಒಂದು ಚಿತ್ರವನ್ನು ಮೀಸಲಿಟ್ಟರೆಂದರೆ ಅವುಗಳ ಮೇಲೆ ಎಷ್ಟು ಪ್ರೀತಿಯಿತ್ತೆಂಬುದನ್ನು ಊಹಿಸಬಹುದು.

ಬಣ್ಣದ ಚಿತ್ರಗಳ ಕಥೆ ಇನ್ನೂ ದುಃಖಕರ. ಅವುಗಳಲ್ಲಿ ಬೆಳ್ಳಿ ಉಳಿಯುವುದೇ ಇಲ್ಲ; ಹಳದಿ, ಕೆನ್ನೇರಿಳೆ ಮತ್ತು ಹಸುರುನೀಲಿ ಎಂಬ ಮೂರು ವರ್ಣದ್ರವ್ಯಗಳು ಮಾತ್ರ ಇರುತ್ತವೆ. 1970ರ ದಶಕದ ಅನೇಕ ಮುದ್ರಣಗಳಲ್ಲಿ ಹಸುರುನೀಲಿಯ ದ್ರವ್ಯವು ಕತ್ತಲಿನಲ್ಲಿಟ್ಟರೂ ಎಲ್ಲಕ್ಕಿಂತ ಮೊದಲು ಒಡೆದು ಹಾಳಾಗುತ್ತದೆ. ಅದು ಹೋದ ಮೇಲೆ ಉಳಿಯುವುದು ಕೆಂಪು. ಹಸುರು ಗದ್ದೆ ಇಟ್ಟಿಗೆಯ ಬಣ್ಣ ತಾಳುವುದೂ, ನೀಲಿಯ ಆಕಾಶ ನಸುಗೆಂಪಾಗುವುದೂ ಇದರಿಂದಲೇ. 1935ರಲ್ಲಿ ಹೊರಬಂದ ಕೊಡಾಕ್ರೋಮ್ ಫಿಲ್ಮು ಮಾತ್ರ ಕತ್ತಲಿನಲ್ಲಿ ತನ್ನ ಬಣ್ಣಗಳನ್ನು ಆಶ್ಚರ್ಯಕರವಾಗಿ ಕಾಪಾಡಿಕೊಂಡಿದೆ. ಆದರೆ ಪ್ರಕ್ಷೇಪಕದ ಪ್ರಖರವಾದ ದೀಪಕ್ಕೆ ಅದೂ ಸೋಲುತ್ತದೆ. ಪ್ರೀತಿಯಿಂದ ಮತ್ತೆ ಮತ್ತೆ ಹಾಕಿ ನೋಡಿದ ಸುರುಳಿಯೇ ಮೊದಲು ಮಾಸುವುದು.

ಈಗ ಆ ಸುರುಳಿಗೆ ಬರೋಣ. ಮನೆಯಲ್ಲಿಯೇ ಚಲಚ್ಚಿತ್ರವನ್ನು ತೆಗೆಯುವ ಹವ್ಯಾಸ 1923ರಲ್ಲಿ 16 ಮಿಲಿಮೀಟರ್ ಅಗಲದ ಫಿಲ್ಮಿನೊಡನೆ ಹರಡತೊಡಗಿತು. 1932ರಲ್ಲಿ 8 ಮಿಲಿಮೀಟರಿನದು ಬಂದಿತು. 1965ರಲ್ಲಿ ಸೂಪರ್ 8 ಬಂದಿತು. ನಮ್ಮ ನಾಡಿನಲ್ಲಿ ಇವು ಎಲ್ಲರ ಸ್ವತ್ತಾಗಿರಲಿಲ್ಲವೆಂಬುದನ್ನು ಒಪ್ಪಿಕೊಳ್ಳಬೇಕು. ಕಾಫಿ ತೋಟದ ಒಡೆಯರು, ವಿದೇಶಕ್ಕೆ ಹೋಗಿಬಂದ ವೈದ್ಯರು ಮತ್ತು ಎಂಜಿನಿಯರುಗಳು, ಹವ್ಯಾಸಿಗಳಾದ ಕೆಲವು ಶ್ರೀಮಂತರು ಇವರ ಬಳಿ ಕ್ಯಾಮೆರಾ ಇತ್ತು. ರಜೆಗೆ ಹಳ್ಳಿಗೆ ಬಂದ ಮಗನೋ ಅಳಿಯನೋ ತೆಗೆದ ನಾಲ್ಕು ನಿಮಿಷಗಳ ಚಿತ್ರವೇ ಇಡೀ ಊರಿನ ಏಕಮಾತ್ರ ಚಲಚ್ಚಿತ್ರವಾಗಿರಬಹುದು. ನಾಲ್ಕು ನಿಮಿಷವೆಂದುದಕ್ಕೆ ಲೆಕ್ಕವಿದೆ. 8 ಮಿಲಿಮೀಟರಿನ ಸುರುಳಿಯ ಉದ್ದ 50 ಅಡಿ. ಅಡಿಗೆ 80 ಬಿಡಿಚಿತ್ರಗಳಂತೆ ಒಟ್ಟು 4000. ಸೆಕೆಂಡಿಗೆ 16ರಂತೆ ಓಡಿಸಿದರೆ 250 ಸೆಕೆಂಡು. ಒಂದೊಂದು ಬಿಡಿಚಿತ್ರವೂ ಸುಮಾರು ನಾಲ್ಕೂವರೆ ಮಿಲಿಮೀಟರ್ ಅಗಲ, ಎಂದರೆ ಒಂದು ಉದ್ದಿನ ಕಾಳಿನಷ್ಟು. ಅದನ್ನು ನಾಲ್ಕು ಅಡಿ ಅಗಲದ ಪರದೆಯ ಮೇಲೆ ಬೀಳಿಸಿದಾಗ ಅದು 270 ಮಡಿ ದೊಡ್ಡದಾಗುತ್ತದೆ. ಫಿಲ್ಮಿನ ಮೇಲೆ ಕೂದಲೆಳೆಯಷ್ಟು ಅಗಲದ ಗೀರು ಬಿದ್ದಿದ್ದರೆ, ಪರದೆಯ ಮೇಲೆ ಅದು ಹೆಚ್ಚುಕಡಿಮೆ ಅಂಗುಲದಗಲದ ಪಟ್ಟೆ.

ಚಿತ್ರಮಂದಿರಗಳ ಹಳೆಯ ಫಿಲ್ಮುಗಳನ್ನು ಸೆಲ್ಯುಲೋಸ್ ನೈಟ್ರೇಟಿನಿಂದ ಮಾಡುತ್ತಿದ್ದರು. ಅದು ಸಿಡಿಮದ್ದಿನ ಸೋದರ. ಹೊತ್ತಿಕೊಂಡರೆ ನೀರಿಗೂ ಆರದು. ಮನೆಗಳಲ್ಲಿ ಅಂತಹುದು ಇರಬಾರದೆಂದು, ಹವ್ಯಾಸಿಗಳ ಫಿಲ್ಮನ್ನು ಮೊದಲಿನಿಂದಲೂ ಸೆಲ್ಯುಲೋಸ್ ಅಸಿಟೇಟಿನಿಂದ ಮಾಡಿದರು. ಅಸಿಟೇಟ್ ಉರಿಯುವುದು ನಿಧಾನ. ಆದರೆ ಅದಕ್ಕೆ ಬೇರೊಂದು ರೋಗ ಕಾದಿತ್ತು. ಸೆಲ್ಯುಲೋಸಿನ ಉದ್ದನೆಯ ಸರಪಳಿಗೆ ಅಂಟಿಸಿದ ಅಸಿಟೈಲ್ ಗುಂಪುಗಳು ಗಾಳಿಯ ತೇವದೊಡನೆ ವರ್ತಿಸಿ, ಒಂದೊಂದಾಗಿ ಕಳಚಿ, ಅಸಿಟಿಕ್ ಆಮ್ಲವಾಗುತ್ತವೆ. ಅಡುಗೆಮನೆಯ ವಿನಿಗರ್ ಎಂದರೆ ಇದೇ ಆಮ್ಲ. ಹೀಗೆ ಹುಟ್ಟಿದ ಆಮ್ಲವು ಉಳಿದ ಗುಂಪುಗಳನ್ನು ಇನ್ನೂ ಬೇಗ ಕಳಚುತ್ತದೆ. ಕ್ರಿಯೆಯು ತನ್ನನ್ನು ತಾನೇ ಹುರಿದುಂಬಿಸಿಕೊಳ್ಳುತ್ತದೆ. ಮೊದಲ ಹಲವು ವರ್ಷ ಏನೂ ತೋರದು. ಆಮೇಲೆ ಹುಳಿವಾಸನೆ, ಅನಂತರ ಕುಗ್ಗುವಿಕೆ, ಕೊನೆಗೆ ಫಿಲ್ಮು ಸುರುಟಿಕೊಂಡು ಬಿರುಸಾಗಿ, ಲೇಪವು ಹಪ್ಪಳದಂತೆ ಎದ್ದುಬರುತ್ತದೆ. ನೂರಕ್ಕೆ ಒಂದು ಭಾಗದಷ್ಟು ಕುಗ್ಗಿದರೂ ಸಾಕು, ಪ್ರಕ್ಷೇಪಕದ ಹಲ್ಲುಗಳಿಗೂ ಫಿಲ್ಮಿನ ರಂಧ್ರಗಳಿಗೂ ಹೊಂದಿಕೆ ತಪ್ಪಿ ಚಿತ್ರ ಹರಿಯತೊಡಗುತ್ತದೆ.

ಈ ರೋಗವನ್ನು ಮೊಟ್ಟಮೊದಲು ವರದಿ ಮಾಡಿದುದು ಭಾರತ ಸರ್ಕಾರವೆಂದರೆ ವಾಚಕರಿಗೆ ಅಚ್ಚರಿಯಾಗಬಹುದು. ಕೊಡಾಕ್ ಕಂಪೆನಿಯು 1948ರಲ್ಲಿ ಟ್ರೈಅಸಿಟೇಟ್ ಫಿಲ್ಮನ್ನು ಹೊರತಂದ ಹತ್ತು ವರ್ಷಗಳೊಳಗಾಗಿ, ಇಲ್ಲಿನ ಸೆಕೆ ಮತ್ತು ತೇವದಲ್ಲಿ ಇಟ್ಟಿದ್ದ ಸರ್ಕಾರಿ ಫಿಲ್ಮುಗಳು ಕೆಡುತ್ತಿವೆಯೆಂಬ ದೂರು ಅದಕ್ಕೆ ಹೋಯಿತು. ನಮ್ಮ ಹವೆಯೇ ಆ ಫಿಲ್ಮಿನ ಮೊದಲ ಪರೀಕ್ಷಕ! ರಾಚೆಸ್ಟರಿನ ಇಮೇಜ್ ಪರ್ಮನೆನ್ಸ್ ಇನ್‌ಸ್ಟಿಟ್ಯೂಟ್ ಮುಂದೆ ಮಾಡಿದ ಪ್ರಯೋಗಗಳ ಪ್ರಕಾರ, 21 ಡಿಗ್ರಿ ಸೆಲ್ಸಿಯಸ್ ಉಷ್ಣತೆ ಮತ್ತು ಶೇಕಡ 50 ಸಾಪೇಕ್ಷ ಆರ್ದ್ರತೆಯಲ್ಲಿ ಹೊಸ ಫಿಲ್ಮಿಗೆ ಈ ರೋಗ ತಗಲಲು ಸುಮಾರು 40 ವರ್ಷ ಬೇಕು. ಉಷ್ಣತೆ 10 ಡಿಗ್ರಿ ಏರಿದರೆ ಇಂತಹ ರಾಸಾಯನಿಕ ಕ್ರಿಯೆಗಳ ವೇಗ ಎರಡರಿಂದ ಮೂರು ಮಡಿಯಾಗುತ್ತದೆಂಬುದು ವಿದ್ಯಾರ್ಥಿಗಳಿಗೆ ತಿಳಿದ ನಿಯಮ. ಆ ಲೆಕ್ಕದಲ್ಲಿ 31 ಡಿಗ್ರಿಯಲ್ಲಿ 40 ವರ್ಷವು 13ರಿಂದ 20 ವರ್ಷಕ್ಕೆ ಇಳಿಯುತ್ತದೆ. ಬೆಂಗಳೂರಿನಲ್ಲಿ ಏಪ್ರಿಲ್ ತಿಂಗಳ ಹಗಲು 34 ಡಿಗ್ರಿ ಮುಟ್ಟುವುದು ಸಾಮಾನ್ಯ. ತಗಡಿನ ಮಾಡಿನ ಕೆಳಗಿನ ಅಟ್ಟದಲ್ಲಿ ಅದಕ್ಕೂ ಹೆಚ್ಚು. ಮಳೆಗಾಲದ ತೇವ ಬೇರೆ. ಟ್ರಂಕಿನ ಮುಚ್ಚಳ ಬಿಗಿಯಾಗಿದ್ದಷ್ಟೂ ಕೇಡು ಹೆಚ್ಚು, ಏಕೆಂದರೆ ಆಮ್ಲದ ಆವಿ ಹೊರಹೋಗಲಾರದೆ ಅಲ್ಲಿಯೇ ತಿರುಗಿ ಫಿಲ್ಮನ್ನು ತಿನ್ನುತ್ತದೆ. ಭದ್ರವಾಗಿರಲೆಂದು ಮಾಡಿದ ಏರ್ಪಾಡೇ ಹೀಗೆ ಕೆಡಕಾಗುವುದನ್ನು ನೋಡಿದರೆ ಮರುಕವಾಗುತ್ತದೆ.

ಅಷ್ಟು ಕಷ್ಟಪಟ್ಟು ಉಳಿಸಲು ಅದರಲ್ಲಿ ಏನಿದೆ? ಕನ್ನಡದ ಮೊದಲ ವಾಕ್ಚಿತ್ರವಾದ 1934ರ ‘ಸತಿ ಸುಲೋಚನ’ದ ಒಂದು ಪ್ರತಿಯೂ ಉಳಿದಿಲ್ಲ, ಅದರ ನಷ್ಟವನ್ನು ಎಲ್ಲರೂ ಬಲ್ಲರು. ಯಾರದೋ ಮನೆಯ ಎತ್ತು, ಬಾವಿ, ಬಣವೆಗಳ ಚಿತ್ರ ಹೋದರೆ ಯಾರಿಗೇನು ಎಂದು ಕೇಳುವವರಿದ್ದಾರೆ. ಅವರಿಗೆ ಭೌತವಿಜ್ಞಾನದ ಕಡೆಯಿಂದ ಒಂದು ಉತ್ತರವಿದೆ. ಚಲಚ್ಚಿತ್ರವೆಂದರೆ ಕಾಲವನ್ನು ಅಳೆದು ಕತ್ತರಿಸಿಟ್ಟ ದಾಖಲೆ. ಅದರಿಂದ ಲೆಕ್ಕ ತೆಗೆಯಬಹುದು.

ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳೋಣ. 1960ರ ದಶಕದ ಒಂದು ಸುರುಳಿಯಲ್ಲಿ, ಬೇಸಗೆ ರಜೆಯ ಹುಡುಗನೊಬ್ಬ ತೆರೆದ ಬಾವಿಯ ಕಟ್ಟೆಯಿಂದ ನೀರಿಗೆ ಇಳಿಬೀಳುತ್ತಾನೆ. ಅವನ ಪಾದ ಕಟ್ಟೆಯನ್ನು ಬಿಟ್ಟ ಬಿಡಿಚಿತ್ರದಿಂದ ನೀರು ಚಿಮ್ಮಿದ ಬಿಡಿಚಿತ್ರದವರೆಗೆ ಎಣಿಸಿದಾಗ 12 ಆಗುತ್ತದೆಯೆನ್ನಿ. ಸೆಕೆಂಡಿಗೆ 16ರಂತೆ ಇದು ಮುಕ್ಕಾಲು ಸೆಕೆಂಡು. ಬಿದ್ದ ದೂರವು ಗುರುತ್ವ ವೇಗೋತ್ಕರ್ಷದ ಅರ್ಧವನ್ನು ಕಾಲದ ವರ್ಗದಿಂದ ಗುಣಿಸಿದಷ್ಟು, ಎಂದರೆ 4.9ನ್ನು 0.5625ರಿಂದ ಗುಣಿಸಿದರೆ ಸುಮಾರು 2.8 ಮೀಟರ್. ಕಟ್ಟೆಯಿಂದ ಒಂಬತ್ತು ಅಡಿ ಕೆಳಗೆ ನೀರಿತ್ತು ಎಂದಾಯಿತು.

ಆದರೆ ಕೀಲಿ ಕೊಟ್ಟು ಓಡಿಸುತ್ತಿದ್ದ ಆ ಕ್ಯಾಮೆರಾಗಳ ವೇಗವನ್ನು ಹಾಗೆಯೇ ನಂಬುವಂತಿಲ್ಲ. ಸುರುಳಿಯೊಳಗೇ ಒಂದು ಗಡಿಯಾರವನ್ನು ಹುಡುಕಬೇಕು. ಅದೇ ಸುರುಳಿಯಲ್ಲಿ ಹುಣಿಸೆಮರದ ಕೊಂಬೆಗೆ ಕಟ್ಟಿದ ಉಯ್ಯಾಲೆಯೊಂದು ತೂಗುತ್ತಿದ್ದರೆ ನಮ್ಮ ಅದೃಷ್ಟ. ಉಯ್ಯಾಲೆಯು ಒಂದು ಲೋಲಕ. ಅದರ ಆವರ್ತಕಾಲವು ಹಗ್ಗದ ಉದ್ದವನ್ನೂ ಗುರುತ್ವವನ್ನೂ ಅವಲಂಬಿಸಿದೆಯೇ ಹೊರತು ತೂಗುವವರ ತೂಕವನ್ನಲ್ಲ. ಪಕ್ಕದಲ್ಲಿ ನಿಂತವರ ಎತ್ತರಕ್ಕೆ ಹೋಲಿಸಿ ಹಗ್ಗ 4 ಮೀಟರ್ ಎಂದು ಗೊತ್ತುಮಾಡಿದರೆ, ಒಂದು ತೂಗಿಗೆ ಸುಮಾರು 4 ಸೆಕೆಂಡು. 16ರ ವೇಗದಲ್ಲಿ ಅದು 64 ಬಿಡಿಚಿತ್ರಗಳಾಗಬೇಕು. ಎಣಿಸಿದಾಗ 56 ಮಾತ್ರ ಸಿಕ್ಕಿದರೆ, ಕ್ಯಾಮೆರಾ ಓಡಿದ ವೇಗ ಸೆಕೆಂಡಿಗೆ 14. ಈಗ ಹುಡುಗನ 12 ಬಿಡಿಚಿತ್ರಗಳು 0.86 ಸೆಕೆಂಡಾಗುತ್ತವೆ, ನೀರು 3.6 ಮೀಟರ್, ಎಂದರೆ ಹನ್ನೆರಡು ಅಡಿ ಕೆಳಗೆ. ಎಣಿಕೆಯಲ್ಲಿ ಒಂದು ಬಿಡಿಚಿತ್ರ ಅತ್ತಿತ್ತಾದರೆ ಉತ್ತರದಲ್ಲಿ ಎರಡು ಅಡಿ ಹೆಚ್ಚುಕಡಿಮೆಯಾಗುತ್ತದೆ. ಹುಡುಗ ಮೇಲಕ್ಕೆ ಹಾರಿ ಧುಮುಕಿದ್ದರೆ ಲೆಕ್ಕವನ್ನು ತುಸು ತಿದ್ದಬೇಕು. ಆದರೂ ಉತ್ತರವು ಹತ್ತರಿಂದ ಹದಿನಾಲ್ಕು ಅಡಿಯೊಳಗೆ ನಿಲ್ಲುತ್ತದೆ.

ಇಂತಹ ಅಂಕೆ ಅಂಜನಾಪುರದಂತಹ ಸ್ಥಳದಲ್ಲಿ ಎಷ್ಟು ಬೆಲೆಯುಳ್ಳದ್ದೆಂಬುದನ್ನು ಯೋಚಿಸಿ. ಬೆಂಗಳೂರಿನಲ್ಲಿ ಈಗ ನೀರಿಗಾಗಿ ಸಾವಿರ ಅಡಿಗೂ ಮೀರಿ ಕೊಳವೆಬಾವಿಗಳನ್ನು ಕೊರೆಯುತ್ತಾರೆ. 2024ರ ಬೇಸಗೆಯಲ್ಲಿ ನಗರದ ಸಾವಿರಾರು ಕೊಳವೆಬಾವಿಗಳು ಬತ್ತಿಹೋದುವು. ಹಳೆಯ ತೆರೆದ ಬಾವಿಗಳಲ್ಲಿ ಬಹುಪಾಲು ಮುಚ್ಚಿಹೋಗಿ ಮೇಲೆ ಮನೆಗಳೆದ್ದಿವೆ. ಒಂದೊಂದು ಹೊಲದ ಬಾವಿಯಲ್ಲಿ ಯಾವ ವರ್ಷ ನೀರು ಎಷ್ಟು ಅಡಿಯಲ್ಲಿತ್ತೆಂದು ಯಾರೂ ಬರೆದಿಡಲಿಲ್ಲ. ಆ ಹುಡುಗನ ಧುಮುಕಾಟ ಅದನ್ನು ಬರೆದಿಟ್ಟಿದೆ. ಹುಳಿಯಾಗಿ ಸುರುಟಿಕೊಳ್ಳುತ್ತಿರುವ ಫಿಲ್ಮಿನ ಮೇಲೆ.

ನಿಶ್ಚಲ ಚಿತ್ರದಿಂದಲೂ ತಿಂಗಳನ್ನು ಊಹಿಸಬಹುದು. ಬೆಂಗಳೂರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿರುವುದರಿಂದ, ಏಪ್ರಿಲ್ 24 ಮತ್ತು ಆಗಸ್ಟ್ 18ರ ಸುಮಾರಿಗೆ ನಡುಹಗಲಿನ ಸೂರ್ಯ ನೆತ್ತಿಯ ಮೇಲೆಯೇ ಇರುತ್ತಾನೆ. ಈ ಎರಡು ದಿನಗಳ ನಡುವೆ ನಡುಹಗಲಿನ ನೆರಳು ದಕ್ಷಿಣಕ್ಕೆ, ಉಳಿದ ಕಾಲದಲ್ಲಿ ಉತ್ತರಕ್ಕೆ. ಡಿಸೆಂಬರ್ ಕೊನೆಯಲ್ಲಿ ಐದೂವರೆ ಅಡಿ ಎತ್ತರದವನ ನಡುಹಗಲಿನ ನೆರಳು ನಾಲ್ಕು ಅಡಿ. ಮನೆಯ ಬಾಗಿಲು ಯಾವ ದಿಕ್ಕಿಗಿತ್ತೆಂದು ತಿಳಿದಿದ್ದರೆ, ಕಣದ ಚಿತ್ರದಲ್ಲಿನ ನೆರಳನ್ನು ಅಳೆದು ಅದು ಸುಗ್ಗಿಯದೋ ಅಲ್ಲವೋ ಎಂದು ಹೇಳಬಹುದು.

ಇಷ್ಟಾದರೂ ಚಿತ್ರವು ತಾನೇ ಎಲ್ಲವನ್ನೂ ಹೇಳಲಾರದು. ನೆನಪು ಅದಕ್ಕೆ ಜೊತೆಯಾಗಬೇಕು. ನೆನಪಿನ ಶಕ್ತಿಗೆ ನಮ್ಮವರೇ ಒಬ್ಬರು ದೊಡ್ಡ ನಿದರ್ಶನ. ಸಮಾಜಶಾಸ್ತ್ರಜ್ಞ ಎಂ. ಎನ್. ಶ್ರೀನಿವಾಸರು 1948ರಲ್ಲಿ ಮೈಸೂರಿನ ಬಳಿಯ ಕೊಡಗಹಳ್ಳಿಯಲ್ಲಿ ನೆಲೆಸಿ ಆ ಊರಿನ ಬದುಕನ್ನು ಅಭ್ಯಾಸ ಮಾಡಿದರು. 1970ರ ಏಪ್ರಿಲಿನಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡಿನಲ್ಲಿ, ಯಾರೋ ಹಚ್ಚಿದ ಬೆಂಕಿಯಲ್ಲಿ, ಅವರು ವರ್ಷಗಟ್ಟಲೆ ಶ್ರಮಿಸಿ ಅಣಿಗೊಳಿಸಿದ್ದ ಟಿಪ್ಪಣಿಗಳು ಸುಟ್ಟುಹೋದುವು. ಅವರು ಮುಖ್ಯವಾಗಿ ನೆನಪನ್ನೇ ಆಧರಿಸಿ ಆ ಹಳ್ಳಿಯ ಕುರಿತು ಬರೆದ ಗ್ರಂಥ 1976ರಲ್ಲಿ ಪ್ರಕಟವಾಗಿ ಪ್ರಸಿದ್ಧವಾಯಿತು. ಆದರೆ ಎಲ್ಲರ ನೆನಪೂ ಅಂತಹುದಲ್ಲ. 2002ರಲ್ಲಿ ನ್ಯೂಜಿಲೆಂಡಿನ ಮನೋವಿಜ್ಞಾನಿ ಕಿಂಬರ್ಲಿ ವೇಡ್ ಮತ್ತು ಸಂಗಡಿಗರು 20 ಮಂದಿಗೆ ಅವರವರ ಬಾಲ್ಯದ ಚಿತ್ರಗಳೊಡನೆ, ಬಿಸಿಗಾಳಿಯ ಬಲೂನಿನಲ್ಲಿ ಅವರು ಕುಳಿತಂತೆ ಕೃತಕವಾಗಿ ಜೋಡಿಸಿದ ಒಂದು ಚಿತ್ರವನ್ನೂ ತೋರಿಸಿದರು. ಮೂರು ಭೇಟಿಗಳಾದ ಮೇಲೆ ಅರ್ಧದಷ್ಟು ಜನ, ಎಂದೂ ನಡೆಯದ ಆ ಬಲೂನಿನ ಪ್ರಯಾಣವನ್ನು ಅಷ್ಟಿಷ್ಟು ‘ನೆನಪಿಸಿಕೊಂಡರು’. ಚಿತ್ರವನ್ನು ನೋಡುತ್ತ ನೋಡುತ್ತ ನೆನಪು ಚಿತ್ರದ ಆಕಾರವನ್ನೇ ತಾಳಿಬಿಡುತ್ತದೆ. ಆದುದರಿಂದ ಹಿರಿಯರು ಇರುವಾಗಲೇ, ಒಬ್ಬೊಬ್ಬರನ್ನು ಬೇರೆ ಬೇರೆಯಾಗಿ ಕೇಳಿ, ಯಾರು, ಎಲ್ಲಿ, ಯಾವಾಗ ಎಂಬುದನ್ನು ಬರೆದಿಟ್ಟುಕೊಳ್ಳುವುದು ಒಳ್ಳೆಯದು. ಮೊಮ್ಮಕ್ಕಳ ಕಾಲಕ್ಕೆ, ಬಣವೆಯ ಮುಂದೆ ನಿಂತ ಎಂಟು ಮಕ್ಕಳಲ್ಲಿ ಐವರು ಅಪರಿಚಿತರಾಗಿಬಿಡುತ್ತಾರೆ.

ಬಹುಮಂದಿಯ ಮನೆಗಳಲ್ಲಿ ಇರುವುದು 8 ಮಿಲಿಮೀಟರಿನ ಸುರುಳಿಯಲ್ಲ, 1980 ಮತ್ತು 90ರ ದಶಕಗಳ ಮದುವೆಯ ವೀಡಿಯೋ ಟೇಪು. ಅದನ್ನು ಹಗುರವಾಗಿ ಕಾಣಬಾರದು. ಧಾರೆಯ ದೃಶ್ಯಗಳ ನಡುವೆ ಚಪ್ಪರದಾಚೆಯ ಕೊಟ್ಟಿಗೆ, ಬಾವಿ, ಹೊಲದ ಬದು ಎಲ್ಲವೂ ಸುಳಿದುಹೋಗುತ್ತವೆ. ಟೇಪಿನಲ್ಲಿ ಚಿತ್ರವಿರುವುದು ಕಾಂತೀಯ ಕಣಗಳ ರೂಪದಲ್ಲಿ. ಓದುವ ಕಂಬುರುಳೆ ನಮ್ಮ ದೇಶದ ಪದ್ಧತಿಯಲ್ಲಿ ಸೆಕೆಂಡಿಗೆ 25 ಸುತ್ತು ತಿರುಗುತ್ತದೆ, ಸುತ್ತಿಗೆ ಒಂದು ಬಿಡಿಚಿತ್ರ. ಕಣಗಳನ್ನು ಹಿಡಿದಿಡುವ ಅಂಟು ತೇವವನ್ನು ಹೀರಿ ಜಿಗುಟಾಗುತ್ತದೆ, ಮಳೆಗಾಲದಲ್ಲಿ ಬೂಷ್ಟು ಹಿಡಿಯುತ್ತದೆ. ಬೂಷ್ಟು ಹಿಡಿದ ಟೇಪನ್ನು ಯಂತ್ರಕ್ಕೆ ಹಾಕಿದರೆ ಟೇಪೂ ಕೆಡುತ್ತದೆ, ಯಂತ್ರವೂ ಕೆಡುತ್ತದೆ. ಯಂತ್ರ ಕೆಟ್ಟರೆ ಹೊಸದು ಸಿಗದು: ಅದನ್ನು ಕೊನೆಯವರೆಗೂ ತಯಾರಿಸುತ್ತಿದ್ದ ಜಪಾನಿನ ಫುನಾಯ್ ಕಂಪೆನಿ 2016ರ ಜುಲೈಯಲ್ಲಿ ತಯಾರಿಕೆಯನ್ನು ನಿಲ್ಲಿಸಿತು. ಫಿಲ್ಮನ್ನಾದರೆ ಬೆಳಕಿಗೆ ಹಿಡಿದು ಬರಿಗಣ್ಣಿನಿಂದ ನೋಡಬಹುದು; ಟೇಪಿಗೆ ಆ ಭಾಗ್ಯವಿಲ್ಲ. ಆದಕಾರಣ ಮನೆಯಲ್ಲಿ ಎರಡೂ ಇದ್ದರೆ ಟೇಪನ್ನೇ ಮೊದಲು ಡಿಜಿಟಲ್ ರೂಪಕ್ಕೆ ತರಬೇಕೆಂಬುದು ನನ್ನ ಅಭಿಪ್ರಾಯ.

ಮನೆಯಲ್ಲಿಯೇ ಮಾಡಬಹುದಾದ ಕೆಲಸ ಸಾಕಷ್ಟಿದೆ. ಸುರುಳಿಯ ಡಬ್ಬಿಯನ್ನು ತೆರೆದು ಮೂಸಿ ನೋಡಿ. ಹುಳಿವಾಸನೆಯಿದ್ದರೆ ಅದನ್ನು ಬೇರೆಲ್ಲ ಸುರುಳಿಗಳಿಂದ ದೂರವಿಡಬೇಕು, ಪ್ರಕ್ಷೇಪಕಕ್ಕೆ ಹಾಕದೆ ಬೇಗನೆ ಸ್ಕ್ಯಾನ್ ಮಾಡಿಸಬೇಕು. ಆಮ್ಲಕ್ಕೆ ನೀಲಿಯಿಂದ ಹಸುರು, ಹಸುರಿನಿಂದ ಹಳದಿಗೆ ತಿರುಗುವ ಪರೀಕ್ಷಾ ಕಾಗದಗಳೂ ಇವೆ. ಅಟ್ಟದಿಂದ ಇಳಿಸಿ, ಮನೆಯ ಒಳಕೋಣೆಯಲ್ಲಿ, ಹೊರಗೋಡೆಗೆ ತಾಗದ ಬೀರುವಿನಲ್ಲಿ ಇಟ್ಟರೂ ಎಷ್ಟೋ ವರ್ಷ ಉಳಿತಾಯ. ತಂಗಳು ಪೆಟ್ಟಿಗೆಯಲ್ಲಿ 5 ಡಿಗ್ರಿಯಲ್ಲಿ ಇಟ್ಟರೆ, ಮೇಲಿನ ನಿಯಮದಂತೆ, ಆ 40 ವರ್ಷ ನೂರನ್ನು ಮೀರುತ್ತದೆ. ಆದರೆ ತೇವ ಸೇರದಂತೆ ಎರಡು ಚೀಲಗಳಲ್ಲಿ ಬಿಗಿಯಾಗಿ ಮುಚ್ಚಿಡಬೇಕು. ಹೊರತೆಗೆದಾಗ ಒಂದು ದಿನವಾದರೂ ಹಾಗೆಯೇ ಬಿಟ್ಟು ಆಮೇಲೆ ತೆರೆಯಬೇಕು, ಇಲ್ಲವಾದರೆ ತಣ್ಣನೆಯ ಫಿಲ್ಮಿನ ಮೇಲೆ ಗಾಳಿಯ ನೀರು ಹನಿಗಟ್ಟುತ್ತದೆ. ಗೋಡೆಯ ಚಿತ್ರ ಗಾಜಿಗೆ ಅಂಟಿಕೊಂಡಿದ್ದರೆ ಕೀಳಲು ಹೋಗಬೇಡಿ. ಜೆಲಾಟಿನ್ ತೇವದಲ್ಲಿ ಮೆತ್ತಗಾಗಿ ಗಾಜನ್ನು ಹಿಡಿದಿರುತ್ತದೆ, ಗಾಜಿನ ಮೂಲಕವೇ ಪ್ರತಿಯನ್ನು ತೆಗೆಯಬಹುದು. ಹೆಸರುಗಳನ್ನು ಚಿತ್ರದ ಬೆನ್ನ ಮೇಲೆ ಮೆತ್ತನೆಯ ಸೀಸದಕಡ್ಡಿಯಿಂದ ಹಗುರವಾಗಿ ಬರೆಯಬೇಕು. ಶಾಯಿ ಇನ್ನೊಂದು ಬದಿಗೆ ಇಳಿಯುತ್ತದೆ. ಸ್ಕ್ಯಾನ್ ಆದ ಮೇಲೆ ಮೂಲವನ್ನು ಎಸೆಯಬಾರದು. ವಾಟ್ಸ್‌ಆ್ಯಪಿನಲ್ಲಿ ಬಂಧುಗಳಿಗೆ ಕಳುಹಿಸಿದ ಪ್ರತಿಯನ್ನೇ ಕಾಪಿಟ್ಟ ಪ್ರತಿಯೆಂದು ತಿಳಿಯಲೂಬಾರದು. ಸಾಮಾನ್ಯವಾಗಿ ಕಳುಹಿಸುವಾಗ ಅದು ಚಿತ್ರವನ್ನು ಕುಗ್ಗಿಸಿಬಿಡುತ್ತದೆ.

ಹಳೆಯ 8 ಮಿಲಿಮೀಟರಿನ ಮನೆಯ ಸುರುಳಿಗಳಿಗೆ ಸಾಮಾನ್ಯವಾಗಿ ಧ್ವನಿಯಿಲ್ಲ. ಆದುದರಿಂದ ಸ್ಕ್ಯಾನ್ ಆದ ಚಿತ್ರವನ್ನು ಅಜ್ಜಿಯ ಮುಂದೆ ಓಡಿಸಿ, ಅವರು ಆಡುವ ಮಾತನ್ನು ದೂರವಾಣಿಯಲ್ಲಿ ಮುದ್ರಿಸಿಕೊಂಡರೆ, ಅದೇ ಆ ಚಿತ್ರದ ಧ್ವನಿಯಾಗುತ್ತದೆ. ಆಗ ಒಂದು ಎಚ್ಚರಿಕೆ ಬೇಕು. ಗಣಕಯಂತ್ರವು ಅದನ್ನು ಸೆಕೆಂಡಿಗೆ 25ರ ವೇಗದಲ್ಲಿ ಓಡಿಸಲು ಹವಣಿಸುತ್ತದೆ. 16ಕ್ಕೆ, ಉಯ್ಯಾಲೆಯ ಲೆಕ್ಕ ಸಿಕ್ಕಿದ್ದರೆ 14ಕ್ಕೆ, ಹೊಂದಿಸಿಕೊಳ್ಳಬೇಕು. ಇಲ್ಲದಿದ್ದರೆ ಅಜ್ಜನ ಎತ್ತುಗಳು ಕುದುರೆಗಳಂತೆ ಓಡಿಬಿಡುತ್ತವೆ; ಅವು ನಮ್ಮ ಎತ್ತುಗಳೇ ಅಲ್ಲವೆಂದು ಅಜ್ಜಿ ಹೇಳಿಬಿಟ್ಟಾರು.